ಆರನೆಯ ಸಾಲು

ಅಂಕೋಲಾ
14-6-2005

ಅಧ್ಯಕ್ಷರು, ಮೀನುಗಾರರ ಸಂಘ, ಮಾಜಾಳಿ ಇವರಿಗೆ

ಮಾನ್ಯರೇ,

ಯಾವ ದೋಣಿಯಲ್ಲಿ ಯಾರು ಯಾರು ಕಡಲಿಗೆ ಇಳಿದಿದ್ದಾರೆ ಎಂದು ಬರೆದಿಡುವ ನಿಮ್ಮ ಸಂಘದ ಕಂಪ್ಯೂಟರ್ ಪಟ್ಟಿಯನ್ನು ಎರಡು ವರ್ಷದ ಹಿಂದೆ ಮಾಡಿಕೊಟ್ಟವಳು ನಾನು. ಆ ಪುಟ ಪಿಎಚ್‌ಪಿ ಎಂಬ ಭಾಷೆಯಲ್ಲಿದೆ. ಹೆಸರುಗಳು ಕೂತಿರುವುದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ. ಎರಡೂ ಒಂದು ಬಾಡಿಗೆ ಸರ್ವರಿನಲ್ಲಿವೆ.

ಸರ್ವರಿನವರು ಆಗಸ್ಟ್ ಒಂದರಿಂದ ಆ ಭಾಷೆಯ ಐದನೆಯ ಆವೃತ್ತಿ ಹಾಕುತ್ತಾರಂತೆ. ಇಲ್ಲಿಯವರೆಗೆ ಮೈಎಸ್‌ಕ್ಯುಎಲ್ ಜೊತೆ ಮಾತಾಡುವ ಸಲಕರಣೆ ಭಾಷೆಯ ಒಳಗೇ ಬರುತ್ತಿತ್ತು. ಐದನೆಯದರಲ್ಲಿ ಅದನ್ನು ಹೊರಗೆ ತೆಗೆದಿದ್ದಾರೆ, ಬೇಕಾದವರು ಬೇರೆ ತಂದು ಜೋಡಿಸಿಕೊಳ್ಳಬೇಕು. ನಮ್ಮ ಸರ್ವರಿನವರು ಅದನ್ನು ಜೋಡಿಸುವುದಿಲ್ಲ ಎಂದು ಬರೆದಿದ್ದಾರೆ. ಅಂದರೆ ಆಗಸ್ಟ್ ಒಂದರಂದು ಪಟ್ಟಿ ನಿಲ್ಲುತ್ತದೆ. ಮುಂದೇನು ಎಂದು ತಿಳಿಸಬೇಕಾಗಿ ವಿನಂತಿ.

ರೂಪಾ ಗೌಡ
ಕಂಪ್ಯೂಟರ್ ತರಬೇತಿ ಕೇಂದ್ರ, ಅಂಕೋಲಾ

*

ಮಾಜಾಳಿ
20-6-2005

ರೂಪಾ,

ಅಧ್ಯಕ್ಷರಿಗೆ ಬರೆದರೆ ಅಧ್ಯಕ್ಷರೇ ಓದುತ್ತಾರೆ ಎಂದುಕೊಂಡೆಯಾ? ಅಧ್ಯಕ್ಷ ಮಂಗೇಶ ಮಾಮ ಕವರನ್ನು ಪಟ್ಟಿ ಬರೆಯುವ ನನ್ನ ಮೇಜಿನ ಮೇಲೆ ಒಗೆದು, "ನಿನ್ನ ದೋಸ್ತಿದು ಕಾಗ್ದ ಬಂದದೆ ನೋಡು, ನಂಗೆ ತಲೆಬುಡ ಅರ್ಥ ಆಗೂದಿಲ್ಲ" ಎಂದು ಹೋದರು. ಎರಡು ವರ್ಷ ಸುದ್ದಿಯಿಲ್ಲ, ಸುಳಿವಿಲ್ಲ, ಈಗ ಬಂತು ನೋಡು 'ಮಾನ್ಯರೇ'! ಕಾರವಾರದ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ನನ್ನ ಡಬ್ಬಿಯ ಮೀನು ಹುರಿದದ್ದನ್ನು ಕಸಿದು ತಿಂದವಳು ನೀನು. ನನಗೆ ಮಾನ್ಯರೇ ಎನ್ನಲು ನಾಚಿಕೆ ಆಗಲಿಲ್ಲವೇನೆ?

ಸರಿ, ಕೆಲಸದ ಮಾತು. ನಿನ್ನ ಕಾಗದದ ಸಾರ ಹೇಳಿದಾಗ ಮಂಗೇಶ ಮಾಮ ಏನೆಂದರು ಗೊತ್ತಾ? "ಪಟ್ಟಿ ಇದ್ದಾಗ್ಲೇ ಕಿಶನ ಹೋದ. ಮತ್ತೆಂತಕ್ಕೆ ಅದು? ನಾರಳಿ ಹುಣ್ಣಿಮೆ ಒಳಗೆ ಸರಿಯಾಗಿ ನಡೀತಾ ಇದ್ರೆ ನಡೀಲಿ. ಇಲ್ಲಾಂದ್ರೆ ಆ ಕಂಪ್ಯೂಟರ್ ಖೋಲಿಗೆ ಬಲೆ ತುಂಬ್ಸೂದೇ ಸೈ." ಹುಣ್ಣಿಮೆ ಆಗಸ್ಟ್ ಹತ್ತೊಂಬತ್ತಕ್ಕೆ. ಅಂದು ಕಡಲಿಗೆ ತೆಂಗಿನಕಾಯಿ ಬಿಟ್ಟು ಮರುದಿನದಿಂದ ನಮ್ಮ ದೋಣಿಗಳು ಇಳಿಯುತ್ತವೆ.

ನನ್ನ ತಮ್ಮ ಕಿಶನ ಸತ್ತ ದಿನದ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಹಾಗಾಗಿ ಬರೆಯುತ್ತೇನೆ, ಓದು. ದೋಣಿ ಮಗುಚಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಇಬ್ಬರನ್ನು ಗೋವಾದ ದೋಣಿಯವರು ಎತ್ತಿ ಪೋಳೆಮ್‌ಗೆ ಒಯ್ದರು, ಮೂವರನ್ನು ಇನ್ಯಾರೋ ಕಾರವಾರ ಬಂದರಿಗೆ ತಂದರು. ನಮ್ಮ ಪಟ್ಟಿಯಲ್ಲಿ ಐದೇ ಹೆಸರು. ಐವರೂ ಸಿಕ್ಕರು ಎಂದು ಹುಡುಕುವ ದೋಣಿಗಳನ್ನು ಮೂರು ಗಂಟೆಗೆ ವಾಪಸ್ ಕರೆಸಿದರು. ಅಲ್ಲಿದ್ದವರು ಕಿಶನ ಇಲ್ಲಿದ್ದಾನೆ ಎಂದುಕೊಂಡರು, ಇಲ್ಲಿದ್ದವರು ಅಲ್ಲಿದ್ದಾನೆ ಎಂದುಕೊಂಡರು. ಆರನೆಯವನು ಮೂರನೇ ದಿನ ತಿಳಮಾತಿ ದಂಡೆಗೆ ಬಂದ. ಅವನ ಹೆಸರನ್ನು ಮಿಷಿನ್ ನುಂಗಿತು ಎಂದು ಇಡೀ ಊರಿಗೆ ಗೊತ್ತು.

ಅಷ್ಟಾದರೂ ಈ ಪಟ್ಟಿ ನಿಲ್ಲಬಾರದು. ನಿಂತರೆ ಇನ್ನೊಬ್ಬರ ಮನೆಯ ಕಿಶನ ಹೀಗೇ ನೀರಲ್ಲಿ ಉಳಿಯುತ್ತಾನೆ. ನಿನ್ನ ಐದನೆಯದೋ ಆರನೆಯದೋ ಆವೃತ್ತಿಗೆ ಸರಿಯಾಗಿ ಮಾಡಿಕೊಡು. ಫೋನ್ ಮಾಡಬೇಡ, ಬಾಯಿಗೆ ಬಂದ ಹಾಗೆ ಬೈದುಬಿಡುತ್ತೇನೆ.

ನೀತಾ ತಾಂಡೇಲ

*

ಅಂಕೋಲಾ
27-6-2005

ನೀತಾ,

ಬೈದದ್ದು ತಲುಪಿತು.

ಕೆಲಸದ ಮಾತು ನಾನೂ ಹೇಳುತ್ತೇನೆ. ಐದನೆಯ ಆವೃತ್ತಿಯಲ್ಲಿ ಮೈಎಸ್‌ಕ್ಯುಎಲ್ ಸಲಕರಣೆ ತೆಗೆದರು ನಿಜ. ಅದರ ಬದಲು ಎಸ್‌ಕ್ಯುಲೈಟ್ ಎಂಬ ಒಂದು ಚಿಕ್ಕ ಡೇಟಾಬೇಸನ್ನೇ ಭಾಷೆಯ ಒಳಗೆ ಇಟ್ಟಿದ್ದಾರೆ. ಅದಕ್ಕೆ ಬೇರೆ ಸರ್ವರ್ ಬೇಡ. ಎಲ್ಲ ಹೆಸರೂ ಒಂದೇ ಫೈಲಿನಲ್ಲಿ ಕೂರುತ್ತವೆ. ಆ ಫೈಲ್ ಒಂದು ಫ್ಲಾಪಿಯಲ್ಲಿ ಹಿಡಿಯುತ್ತದೆ. ಅಂದರೆ ಪಟ್ಟಿಯನ್ನು ನಿನ್ನ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲೇ ನಡೆಸಬಹುದು. ಮಳೆ ಬಂದರೆ ಸಾಕು ನಿಮ್ಮ ಟೆಲಿಫೋನ್ ಲೈನ್ ಸಾಯುತ್ತದಲ್ಲ, ಸತ್ತರೂ ಪಟ್ಟಿ ನಡೆಯುತ್ತದೆ.

ನಾನು ಹೊಸದಾಗಿ ಬರೆಯುತ್ತೇನೆ. ಆದರೆ ಮೊದಲು ಆ ದಿನ ಆರನೆಯ ಹೆಸರು ಎಲ್ಲಿ ತಪ್ಪಿತು ಎಂದು ನನಗೆ ಗೊತ್ತಾಗಬೇಕು. ಅದೇ ತಪ್ಪನ್ನು ಹೊಸ ಡೇಟಾಬೇಸಿಗೆ ಹೊತ್ತೊಯ್ದರೆ ಏನು ಬಂತು? ಅವತ್ತು ನೀನು ಯಾವ ಕ್ರಮದಲ್ಲಿ ಹೆಸರು ಹಾಕಿದೆ, ಯಾವಾಗ ಎಂಟರ್ ಒತ್ತಿದೆ, ಪರದೆಯ ಮೇಲೆ ಏನಾದರೂ ಸೂಚನೆ ಬಂತೇ, ನೆನಪಿದ್ದಷ್ಟು ಬರೆದು ಕಳಿಸು.

ರೂಪಾ

*

ಮಾಜಾಳಿ
9-7-2005

ರೂಪಾ,

ಎರಡು ವರ್ಷದ ಹಿಂದಿನ ಎಂಟರ್ ನೆನಪಿಟ್ಟುಕೊಳ್ಳಲು ನಾನೇನು ಮಿಷಿನ್ನಾ? ಆದದ್ದು ಆಯಿತು. ಹಳೆಯದನ್ನು ಬಗೆಯುತ್ತಾ ಕೂತರೆ ಹುಣ್ಣಿಮೆ ದಾಟಿಹೋಗುತ್ತದೆ. ಹೊಸದು ಬರಿ, ಕಳಿಸು. ಅಷ್ಟೇ.

ಇಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ. ಆಯಿ ಒಣ ಮೀನಿನ ಬುಟ್ಟಿ ಹೊತ್ತು ಕಾರವಾರಕ್ಕೆ ಹೋಗುತ್ತಾಳೆ. ಕಂಪ್ಯೂಟರ್ ಖೋಲಿಯ ಮುಂದಿನ ದಾರಿ ಹತ್ತಿರವಾದರೂ ಸುತ್ತಿ ಹೋಗುತ್ತಾಳೆ, ಮಗನ ಹೆಸರು ನುಂಗಿದ್ದರ ಮುಖ ನೋಡಬಾರದು ಎಂದು.

ನೀತಾ

*

ಅಂಕೋಲಾ
13-7-2005

ನೀತಾ,

ಆಗುವುದಿಲ್ಲ.

ನಿನಗೆ ಒಂದು ವಿಷಯ ಗೊತ್ತಿಲ್ಲ. ಕಿಶನ ಹೋದ ವಾರದಿಂದ ನಾನು ಆ ಪುಟವನ್ನು ಎಷ್ಟು ಸಲ ಪರೀಕ್ಷೆ ಮಾಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಆರು ಹೆಸರು ಹಾಕಿದ್ದೇನೆ, ಆರೂ ಬರುತ್ತವೆ. ಅರ್ಧದಲ್ಲಿ ಲೈನ್ ಕಿತ್ತು ನೋಡಿದ್ದೇನೆ. ಒಂದೇ ಹೆಸರು ಎರಡು ಸಲ ಹಾಕಿದ್ದೇನೆ. ಕಿಶನ ಎಂದೇ ಟೈಪ್ ಮಾಡಿದ್ದೇನೆ, ಕಣ್ಣಲ್ಲಿ ನೀರು ಬಂದು ಪರದೆ ಕಾಣದೆ ಹೋಗಿದೆ, ಆದರೂ ಹೆಸರು ಬಂದಿದೆ. ಆರನೆಯ ಸಾಲು ಒಮ್ಮೆಯೂ ತಪ್ಪಲಿಲ್ಲ. ತಪ್ಪು ಸಿಗದ ಪ್ರೋಗ್ರಾಮೆಂದರೆ ಇನ್ನೂ ಹೆದರಿಕೆ, ಯಾಕೆಂದರೆ ಅದು ಮತ್ತೆ ಯಾವಾಗ ನುಂಗುತ್ತದೋ ಗೊತ್ತಿಲ್ಲ.

ಹೋದ ವರ್ಷ ಅಂಕೋಲೆಯ ಪೇಟೆಯಲ್ಲಿ ನಿನ್ನ ಆಯಿ ಮೀನಿಟ್ಟುಕೊಂಡು ಕೂತಿದ್ದರು. ನಾನು "ಮಾದೇವಿಯಮ್ಮಾ" ಎಂದೆ. ಅವರು ಬುಟ್ಟಿಯ ಮೇಲೆ ಗೋಣಿ ಎಳೆದುಕೊಂಡು ಮುಖ ತಿರುಗಿಸಿದರು. ಆಮೇಲೆ ನಾನು ಇನ್ಯಾರಿಗೂ ಒಂದು ಪುಟವನ್ನೂ ಬರೆದುಕೊಟ್ಟಿಲ್ಲ. ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಾ ಕೂತಿದ್ದೇನೆ. ಮನುಷ್ಯರ ಹೆಸರು ನುಂಗುವ ಪುಟವನ್ನು ಮತ್ತೊಮ್ಮೆ ನಾನು ಬರೆಯುವವಳಲ್ಲ. ತಪ್ಪು ಎಲ್ಲಿದೆ ಎಂದು ಸಿಗುವವರೆಗೆ ನನ್ನ ಕೈಯಿಂದ ಹೊಸದು ಬರುವುದಿಲ್ಲ. ಸಿಟ್ಟು ಬಂದರೆ ಬರಲಿ.

ರೂಪಾ

*

ಮಾಜಾಳಿ
24-7-2005

ರೂಪಾ,

ಹುಡುಕಬೇಡ. ನಿನ್ನ ಪುಟದಲ್ಲಿ ತಪ್ಪಿಲ್ಲ.

ನಾಲ್ಕು ಸಲ ಬರೆದು ಹರಿದೆ, ಇದು ಐದನೆಯ ಕಾಗದ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಆ ದಿನ ಬೆಳಿಗ್ಗೆ ನಾನು ಐದು ಹೆಸರು ಹಾಕಿದ್ದೆ. ಆರನೆಯದಕ್ಕೆ 'ಕಿಶ' ಎಂದು ಟೈಪ್ ಆಗಿತ್ತು. ಅಷ್ಟರಲ್ಲಿ ಅವನು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. ಪುಟದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ನೀನು ಏನು ಬರೆದಿದ್ದೆ? 'ಇಂದು ಕಡಲಿಗೆ ಹೋದವರು.' ಕಿಶನ ನಕ್ಕ. "ಏ ಅಕ್ಕಾ, ಹೋದವ್ರು ಅಂದ್ರೆ ಸತ್ತವ್ರಲ್ವೇನೆ? ಆ ಸಾಲಿಗೆ ನನ್ನ ಹೆಸ್ರು ಹಾಕ್ಬೇಡ ಮಾರಾಯ್ತಿ. ಸಂಜೆ ಬತ್ತೆ, ಬಂದ್ಮೇಲೆ ಬರ್ಕೊ."

ನಾನೂ ನಕ್ಕೆ. ನಮ್ಮಲ್ಲಿ ಹೊಸ್ತಿಲು ದಾಟುವಾಗ ಯಾರೂ 'ಹೋಗ್ತೆ' ಎನ್ನುವುದಿಲ್ಲ. ಬಾಯಿ ತಪ್ಪಿ ಅಂದರೆ ಆಯಿ ಒಳಗೆ ಕರೆದು, ಒಂದು ಗುಟುಕು ನೀರು ಕುಡಿಸಿ, 'ಬತ್ತೆ' ಎಂದು ಹೇಳಿಸಿ ಕಳಿಸುತ್ತಾಳೆ. ಅವನು ಹೇಳಿದ್ದರಲ್ಲಿ ತಪ್ಪೇನು? ಆ ಎರಡಕ್ಷರವನ್ನು ನಾನೇ ಅಳಿಸಿದೆ. ಈ ಬೆರಳಿನಿಂದಲೇ.

ಮೂರನೇ ದಿನ ಅವನನ್ನು ಮನೆಗೆ ತಂದಾಗ ಆಯಿ ಕೇಳಿದಳು, "ನೀನು ಹೆಸ್ರು ಬರ್ದಿದ್ದಿಯಲ್ಲೆ?" "ಬರ್ದಿದ್ದೆ ಆಯಿ, ಮಿಷಿನ್ ನುಂಗ್ತು" ಎಂದೆ. ಬಾಯಿಂದ ಬಂದುಬಿಟ್ಟಿತು. ಮಂಗೇಶ ಮಾಮ ಕೇಳಿಸಿಕೊಂಡರು, ಅವರಿಂದ ಊರು ಕೇಳಿಸಿಕೊಂಡಿತು, ಊರಿಂದ ನಿನ್ನ ಅಂಕೋಲೆಗೆ ಮುಟ್ಟಿತು. ಆಮೇಲೆ ಹಿಂದೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂತರೆ ನನ್ನ ಮೇಲಿನ ಸಿಟ್ಟು ಕಾಣುವುದಿಲ್ಲ ಎಂದು ಹಾಗೇ ಕೂತೆ.

ಎರಡು ವರ್ಷದಿಂದ ಪಟ್ಟಿಯ ಪ್ರಿಂಟ್ ತೆಗೆದು ಗೋಡೆಗೆ ಹಚ್ಚುವ ಮುಂಚೆ ಆ ಮೇಲಿನ ಸಾಲನ್ನು ಕತ್ತರಿಯಿಂದ ಕತ್ತರಿಸಿ ಒಲೆಗೆ ಹಾಕುತ್ತೇನೆ. ಆದರೂ ಅರ್ಧಕ್ಕರ್ಧ ಜನ ಹೆಸರು ಕೊಡದೆ ಜಾರಿಕೊಳ್ಳುತ್ತಾರೆ. ಕೇಳಿದರೆ "ಮರೆತೆ" ಎನ್ನುತ್ತಾರೆ. ಮರೆತದ್ದಲ್ಲ ಅದು.

ಇನ್ನು ನೀನು ಬರೆದರೂ ಸರಿ, ಬಿಟ್ಟರೂ ಸರಿ. ಕೇಳುವ ಮುಖ ನನಗಿಲ್ಲ.

ನೀತಾ

*

ಅಂಕೋಲಾ
6-8-2005

ನೀತಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊದಲ ಮೂರು ದಿನ ಎದುರಿಗೆ ಸಿಕ್ಕಿದ್ದರೆ ನಿನ್ನ ಜುಟ್ಟು ಹಿಡಿಯುತ್ತಿದ್ದೆ. ಎರಡು ವರ್ಷ ಕಣೇ! ಒಂದು ಸಾಲು ಬರೆಯಲು ನಿನಗೆ ಎರಡು ವರ್ಷ ಬೇಕಾಯಿತೇ? ಒಬ್ಬ ಹುಡುಗನನ್ನು ನಾನೇ ಕೊಂದೆ ಎಂದು ದಿನಾ ಅಂದುಕೊಂಡು ಎದ್ದಿದ್ದೇನೆ.

ನಾಲ್ಕನೇ ದಿನ ಅಪ್ಪ ಗುದ್ದಲಿ ಹೆಗಲಿಗೆ ಹಾಕಿಕೊಂಡು, "ತಂಗೀ, ಗದ್ದೆಗೆ ಹೋಗ್ಬತ್ತೆ" ಎಂದು ಅಂಗಳ ಇಳಿದ. ನಾನು ಚಹಾ ಲೋಟ ಹಿಡಿದು ಹಾಗೇ ನಿಂತೆ. ನಮ್ಮ ಮನೆಯಲ್ಲೂ ಯಾರೂ ಬರೀ 'ಹೋಗ್ತೆ' ಎಂದದ್ದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ಕಂಪ್ಯೂಟರ್ ಮುಂದೆ ಕೂತ ಕೂಡಲೇ ನನ್ನ ಕನ್ನಡ ಕಚೇರಿಯ ಕನ್ನಡವಾಯಿತು. ಹೋದವರು, ಬಂದವರು, ಷರಾ! ಹೆಸರು ಕೊಡುವವನು ಆ ತಲೆಬರಹ ಓದುತ್ತಾನೆ ಎಂಬ ಯೋಚನೆಯೇ ಬರಲಿಲ್ಲ. ನೀನು ಅಳಿಸಿದ್ದು ನಿಜ. ಅಳಿಸುವ ಹಾಗೆ ಬರೆದವಳು ನಾನು. ತಪ್ಪು ಸಿಕ್ಕಿತು, ನೀತಾ. ನಾನು ಬೇರೆ ಸಾಲಿನಲ್ಲಿ ಹುಡುಕುತ್ತಿದ್ದೆ.

ಸರ್ವರಿನವರು ಹೇಳಿದಂತೆ ಒಂದನೇ ತಾರೀಖಿಗೆ ಬದಲಾಯಿಸಿದರು, ಹಳೆಯ ಪುಟ ನಿಂತಿತು. ಅಷ್ಟರೊಳಗೆ ಹಳೆಯ ಹೆಸರುಗಳನ್ನೆಲ್ಲ ಇಳಿಸಿಕೊಂಡಿದ್ದೆ. ಹೊಸದನ್ನು ಬುಡದಿಂದ ಬರೆದಿದ್ದೇನೆ. ಸಿಡಿಯನ್ನು ಕಾರವಾರ ಬಸ್ಸಿನ ಕಂಡಕ್ಟರ್ ಬೀರು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ, ಸ್ಟ್ಯಾಂಡಿನಲ್ಲಿ ಇಸಿದುಕೋ. ಹೇಗೆ ಹಾಕಬೇಕೆಂದು ಒಳಗೆ ಚೀಟಿ ಇದೆ. ತೆರೆದರೆ ಪುಟದ ತಲೆಯ ಮೇಲೆ 'ಬರುವವರು' ಎಂದು ಬರುತ್ತದೆ. ದಂಡೆಗೆ ಮುಟ್ಟಿದವನ ಹೆಸರಿನ ಮೇಲೆ ನೀನು ಒತ್ತಿದರೆ ಆ ಹೆಸರು ಪುಟದಿಂದ ಇಳಿಯುತ್ತದೆ. ಒಬ್ಬನೇ ಉಳಿದರೂ ಪುಟ ಕೆಂಪಗೇ ಇರುತ್ತದೆ.

ಹುಣ್ಣಿಮೆಗೆ ಹದಿಮೂರು ದಿನ ಇದೆ. ನನ್ನ ಕಡೆಯಿಂದ ಒಂದೇ ಕೇಳಿಕೆ, ನಿನ್ನ ಆಯಿಗೆ ಹೇಳು.

ರೂಪಾ

*

ಮಾಜಾಳಿ
17-8-2005

ರೂಪಾ,

ಸಿಡಿ ಸಿಕ್ಕಿತು, ನಡೆಯಿತು, ಮೊದಲ ದಿನವೇ ನಿನ್ನ ಮರ್ಯಾದೆ ತೆಗೆಯಿತು. ಪರೀಕ್ಷೆಗೆಂದು ಬೆಳಿಗ್ಗೆ ಐದಕ್ಕೆ ಎರಡು ಹೆಸರು ಹಾಕಿದರೆ, ಅವರು ಹಿಂದಿನ ರಾತ್ರಿ ಹನ್ನೊಂದೂವರೆಗೆ ಹೊರಟರು ಎನ್ನುತ್ತದೆ! ಮಂಗೇಶ ಮಾಮ ಕನ್ನಡಕ ಏರಿಸಿ ನೋಡಿ, "ಇದ್ಯಾವ ದೇಶದ ಗಡಿಯಾರ್ವೇ?" ಎಂದರು. ನಿನ್ನ ಚೀಟಿಯ ಹಿಂಬದಿಯಲ್ಲಿ ನೋಡಿದೆ, ಹೊಸ ಡೇಟಾಬೇಸಿಗೆ 'ಈಗ' ಎಂದರೆ ಲಂಡನ್ನಿನ ಈಗ, ಐದೂವರೆ ತಾಸು ಕೂಡಿಸಬೇಕು ಎಂದು ಬರೆದಿದ್ದೀಯ. ಅದನ್ನು ಹಿಂಬದಿಯಲ್ಲಾ ಬರೆಯುವುದು? ಕೂಡಿಸಿದೆ, ಸರಿಹೋಯಿತು.

ಆಯಿಗೆ ಹೇಳಿದೆ. ಮೀನು ಹೆಚ್ಚುತ್ತಿದ್ದವಳು ಕತ್ತಿ ಬಿಡಲಿಲ್ಲ, ಹೆಚ್ಚಿ ಮುಗಿಸಿದಳು. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಬಡಿಸಿಟ್ಟು ಹಿತ್ತಲಿಗೆ ಹೋಗುತ್ತಾಳೆ, ನಾನೊಬ್ಬಳೇ ಉಣ್ಣುತ್ತೇನೆ. ಮೂರನೇ ದಿನ ಗೋಡೆ ನೋಡುತ್ತಾ, "ಆ ಹುಡ್ಗಿಗೆ ಎರಡು ವರ್ಷ ಶಾಪ ಹಾಕ್ದೆ. ಅದನ್ನ ವಾಪಸ್ ತಕ್ಕೊಳ್ಳೂದು ಹೆಂಗೆ?" ಎಂದಳು. "ಮತ್ತೆ ನಾನು, ಆಯಿ?" ಎಂದೆ. "ನಿನ್ನ ವಿಷ್ಯ ನಂಗಿನ್ನೂ ಗೊತ್ತಿಲ್ಲ" ಎಂದು ಎದ್ದುಹೋದಳು.

ಊರಿಗೆ ಇನ್ನೂ ಹೇಳಿಲ್ಲ. ನಾಡಿದ್ದು ಹುಣ್ಣಿಮೆ, ಆಚೆ ದಿನ ದೋಣಿ ಇಳಿಯುತ್ತವೆ. ಪಟ್ಟಿ ತಯಾರಿದೆ.

ನೀತಾ

*

ಅಂಕೋಲಾ
1-9-2005

ನೀತಾ,

ನಿನ್ನೆ ಮಧ್ಯಾಹ್ನ ಎರಡು ವರ್ಷದ ಮೇಲೆ ನೀನು ಫೋನ್ ಮಾಡಿದೆ, ಹಲೋ ಕೂಡ ಇಲ್ಲ. "ಸುಮಿತ ಬರ್ಲಿಲ್ಲ, ಬೇಲೇಕೇರಿ ದೋಣಿಗಳೂ ಹತ್ರ ಇದ್ವಂತೆ, ಆ ಕಡೆ ನೋಡು" ಎಂದು ಇಟ್ಟುಬಿಟ್ಟೆ. ನೀನು ಬೈಯುತ್ತೀಯೆಂದು ಕಾದಿದ್ದೆ, ಅದಕ್ಕೂ ಪುರುಸೊತ್ತಿಲ್ಲ ನಿನಗೆ.

ಸ್ಕೂಟಿ ತೆಗೆದು ಬೇಲೇಕೇರಿ ದಂಡೆಗೆ ಓಡಿದೆ. ಎಳೆದಿಟ್ಟ ಪ್ರತಿ ದೋಣಿಯ ಹತ್ತಿರ ನಿಂತು, ಮಾಜಾಳಿಯ ಸುಮಿತನನ್ನು ಕಂಡಿರಾ ಎಂದು ಕೇಳಿದೆ. ಏಳನೆಯ ದೋಣಿಯವನು ಹಲ್ಲು ಕಿರಿದು, "ಗಂಗೂನ ಅಳಿಯನಾ? ನಮ್ಮ ದೋಣಿಗೇ ಹತ್ಕೊಂಡು ಬಂದನಲ್ಲ" ಎಂದ. ಗಂಗೂ ಅವರ ಮನೆಗೆ ಹೋದರೆ, ನಿಮ್ಮ ಸುಮಿತ ಚಕ್ಕಳಮಕ್ಕಳ ಹಾಕಿ ಕೂತು ಅತ್ತೆ ಬಡಿಸಿದ ಬಾಂಗಡೆ ಸಾರು ಉಣ್ಣುತ್ತಿದ್ದ! ಹೆಂಡತಿ ಹೆರಿಗೆಗೆ ತವರಿಗೆ ಬಂದಿದ್ದಾಳಂತೆ, ನೋಡಬೇಕು ಅನ್ನಿಸಿತಂತೆ, ಕಡಲ ನಡುವೆಯೇ ದೋಣಿ ಬದಲಾಯಿಸಿದನಂತೆ. "ನಿನ್ನನ್ನು ಊರೆಲ್ಲ ಹುಡುಕ್ತಾ ಇದೆ" ಎಂದೆ. ಕೈ ತುತ್ತಿನ ಮೇಲೇ ನಿಂತಿತು. "ನನ್ನನ್ನಾ?" ಎಂದ ಪಾಪ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಗಂಗೂ ಅವರಿಗೆ ನಾನು ಯಾರು, ಯಾಕೆ ಅಳುತ್ತೇನೆ ಒಂದೂ ತಿಳಿಯದೆ ನನಗೂ ಒಂದು ತಟ್ಟೆ ಹಾಕಿದರು.

ನಾನು ತಿರುಗಿ ಫೋನ್ ಮಾಡಿ "ಇದ್ದಾನೆ" ಎಂದ ಮೇಲೆ ಅಲ್ಲೇನಾಯಿತು? ಬರಿ.

ನಿನ್ನ ರೂಪಾ

*

ಮಾಜಾಳಿ
8-9-2005

ಪ್ರೀತಿಯ ರೂಪಾ,

ಮೊದಲಿಂದ ಹೇಳುತ್ತೇನೆ. ಆ ದಿನ ಹನ್ನೊಂದು ಗಂಟೆಗೆ ಎಲ್ಲ ದೋಣಿ ಮುಟ್ಟಿದವು, ಪುಟ ಮಾತ್ರ ಕೆಂಪಗೇ ಇತ್ತು. ಸುಮಿತನ ದೋಣಿಯವರನ್ನು ಕೇಳಿದರೆ, "ಪಕ್ಕದ ದೋಣಿಗೆ ಬಲೆ ಎಳೂಕೆ ಹೋಗಿದ್ದ" ಎಂದರು. ಪಕ್ಕದ ದೋಣಿಯವರು, "ವಾಪಸ್ ನಿಮ್ಮ ದೋಣಿಗೇ ಬಂದ್ನಲ್ಲ" ಎಂದರು. ಮಂಗೇಶ ಮಾಮ, "ಇಲ್ಲೇ ಎಲ್ಲೋ ಇರ್ತಾನೆ, ಬತ್ತಾನೆ ಬಿಡು" ಎಂದರು. ನಾನು ಅವರ ಅಂಗಿಯ ತೋಳು ಹಿಡಿದೆ. "ಮಾಮ, ಪಟ್ಟಿಯಲ್ಲಿ ಒಬ್ಬ ಇನ್ನೂ ಬರುವವ ಇದ್ದಾನೆ. ದೋಣಿ ತಿರುಗಿಸಿ. ಇಲ್ಲಾಂದ್ರೆ ನಾನೇ ಹತ್ತುತ್ತೇನೆ." ಬೈದುಕೊಳ್ಳುತ್ತಲೇ ಆರು ದೋಣಿ ಮತ್ತೆ ಇಳಿದವು. ನಿನ್ನ ಎರಡನೇ ಫೋನ್ ಬರುವವರೆಗೆ ಸುತ್ತಿದವು.

ಮರುದಿನ ಸಂಘದ ಅಂಗಳದಲ್ಲಿ ಸಭೆ. ಮಂಗೇಶ ಮಾಮನ ಸಿಟ್ಟು ನೆತ್ತಿಗೇರಿತ್ತು. "ಅಂವ ಅತ್ತೆ ಮನೇಲಿ ಉಂಡ್ಕೊಂಡು ಕೂತಿದ್ದ, ನಾವು ಆರು ದೋಣಿ ಹೊಡ್ಕೊಂಡು ಹೆಣ ಹುಡುಕ್ತಿದ್ವು. ಅವತ್ತು ಇದ್ದವನ ಹೆಸ್ರು ನುಂಗ್ತು, ಇವತ್ತು ಬದುಕಿದ್ದವನ್ನ ಇಲ್ಲ ಅಂತು. ಸಾಕು ಈ ಮಿಷಿನ್ ಸಹವಾಸ!" ಎಂದರು. ಎಲ್ಲರೂ ನಕ್ಕರು. ಸುಮಿತ ತಲೆ ತಗ್ಗಿಸಿ ಕೂತಿದ್ದ.

ನಾನು ಎದ್ದು ನಿಂತೆ. "ಅವತ್ತು ಮಿಷಿನ್ ನುಂಗಲಿಲ್ಲ. ಕಿಶನ ಬೇಡ ಎಂದ, ನಾನು ಅಳಿಸಿದೆ. ಆಮೇಲೆ ನಿಮಗೆಲ್ಲ ಸುಳ್ಳು ಹೇಳಿದೆ. ಪುಟ ಬರೆದ ರೂಪಾಳದ್ದು ಏನೂ ಇಲ್ಲ" ಎಂದೆ. ನಗು ನಿಂತಿತು. ಯಾರೋ ಹಿಂದಿನಿಂದ, "ಸ್ವಂತ ತಮ್ಮನ್ನೇ?" ಎಂದರು.

ಆಗ ಹೆಂಗಸರ ಕಡೆಯಿಂದ ಆಯಿ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಮಂಗೇಶಾ, ಆರು ದೋಣಿ ಹುಡುಕಿದ್ವೋ ಇಲ್ವೋ?" ಎಂದಳು.

"ಹುಡುಕಿದ್ವು ಮಾದೇವಿ. ಸುಮ್ನೆ ಹುಡುಕಿದ್ವು."

"ಸುಮ್ನೆ ಅಲ್ಲ. ಅಂವ ಉಂಡ್ಕೊಂಡು ಕೂತಿದ್ರೂ ಆರು ದೋಣಿ ಹುಡುಕಿದ್ವು. ನನ್ನ ಮಗ ನೀರಲ್ಲಿದ್ದಾಗ ಮೂರು ಗಂಟೆ ಮೇಲೆ ಒಂದು ದೋಣಿ ಹುಡುಕ್ಲಿಲ್ಲ. ಸಿಗೂದು ಬಿಡೂದು ದೇವ್ರಿಗೆ ಬಿಟ್ಟದ್ದು. ಹುಡುಕ್ಬೇಕು. ಹೆಸ್ರು ಇದ್ರೆ ಹುಡುಕ್ತಾರೆ." ಆಮೇಲೆ ಗಂಡಸರ ಕಡೆ ಬೆರಳು ತೋರಿಸಿ, "ಇನ್ನು ಹೆಸ್ರು ಬರ್ಸದೇ ಇಳಿಯೂಕೆ ಹೊರಟವ ನನ್ನ ದಾಟ್ಕೊಂಡೇ ಇಳೀಬೇಕು" ಎಂದಳು.

ಮಂಗೇಶ ಮಾಮ ಬಲೆ ತುಂಬಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಇನ್ನು ಕಡಲ ಮೇಲೆ ದೋಣಿ ಬದಲಾಯಿಸುವವನು ಎರಡೂ ದೋಣಿ ನಡೆಸುವ ತಾಂಡೇಲರಿಗೆ ಹೇಳಿಯೇ ಬದಲಾಯಿಸಬೇಕು ಎಂದು ಠರಾವು ಬರೆಸಿದರು. ಸುಮಿತ ಎಲ್ಲರ ಮುಂದೆ ಕಿವಿ ಹಿಡಿದುಕೊಂಡ.

ನನ್ನ ಜೊತೆ ಮಾತು ಬಿಟ್ಟವರೂ ಇದ್ದಾರೆ. ಇರಲಿ, ಅದು ನನಗೆ ಸಲ್ಲಬೇಕಾದದ್ದೇ. ಹೆಸರು ಮಾತ್ರ ಕೊಡುತ್ತಾರೆ. ಇಂದು ಬೆಳಿಗ್ಗೆ ನಲವತ್ತೊಂದು ಹೆಸರು, ಒಬ್ಬನೂ ಜಾರಿಕೊಳ್ಳಲಿಲ್ಲ. ಸಂಜೆ ಒಂದೊಂದೇ ಇಳಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು, ನೋಡಿದರೆ ಆಯಿ. ಎರಡು ವರ್ಷದಲ್ಲಿ ಮೊದಲ ಸಲ ಖೋಲಿಯ ಒಳಗೆ ಬಂದಳು. ಬುಟ್ಟಿ ಇಳಿಸಿ ನನ್ನ ಹಿಂದೆ ನಿಂತು ಪರದೆ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಎಲ್ಲ ಬಂದ್ರಾ?" ಎಂದಳು.

ಕೊನೆಯ ಹೆಸರಿನ ಮೇಲೆ ಒತ್ತಿದೆ. "ಬಂದ್ರು ಆಯಿ. ಇನ್ನು ಯಾರೂ ಇಲ್ಲ."

ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, "ನೀ ಒಬ್ಳು ಬಾಕಿ. ಏಳು, ಉಂಬೂಕೆ ಬಾ" ಎಂದಳು.

ನಿನ್ನ ನೀತಾ